ಯಾಚಿತ ವಾದ್ಯ: ಕೊಡಬೇಕೆ, ಕೊಡಬಾರದೆ?

ಶ್ರಾವಕನ ಬಾಳಿನಲ್ಲಿ ಮಹಾ ಧರ್ಮಸಂಕಟಗಳು ಒದಗುವುದು ಅಪರೂಪ. ಚಿಕ್ಕ ಸಂಕಟಗಳಾದರೋ ದಿನಬೆಳಗಾದರೆ ಬಾಗಿಲಿಗೆ ಬಂದು ನಿಲ್ಲುತ್ತವೆ. ಸ್ನೇಹಿತರೊಬ್ಬರು ಬಂದು, ಮನೆಯ ಮೂಲೆಯಲ್ಲಿರುವ ಹಾರ್ಮೋನಿಯಮ್ಮನ್ನೋ ತಂಬೂರಿಯನ್ನೋ ತೋರಿಸಿ, ಎರಡು ದಿನಗಳ ಮಟ್ಟಿಗೆ ಇದನ್ನು ಕೊಡಬಹುದೇ ಎಂದು ಕೇಳುವುದು ಅಂಥ ಸಂಕಟಗಳಲ್ಲೊಂದು. ಕೊಟ್ಟರೆ ವಾದ್ಯದ ಚಿಂತೆ. ಕೊಡದಿದ್ದರೆ ಸ್ನೇಹದ ಚಿಂತೆ. ಕೇಳುವವರು ಇದನ್ನು ಅಲ್ಪ ವಿಷಯವೆಂದು ತಿಳಿದಿರುತ್ತಾರೆ. ಕೊಡಬೇಕಾದವರು ಆ ರಾತ್ರಿ ನಿದ್ರೆಗೆಡುತ್ತಾರೆ.

ಬೆಂಗಳೂರಿನ ಪಶ್ಚಿಮದ ನಾಗರಬಾವಿ, ವಿಜಯನಗರ, ಬಸವೇಶ್ವರನಗರಗಳಂಥ ಬಡಾವಣೆಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಹಳೆಯ ಊರುಗಳಲ್ಲಿ ತಾಳ, ಜಾಗಟೆ, ಮದ್ದಳೆಗಳು ಬಸದಿಗೋ ದೇವಾಲಯಕ್ಕೋ ಭಜನಾಮಂಡಳಿಗೋ ಸೇರಿದವಾಗಿರುತ್ತಿದ್ದವು. ಅವುಗಳನ್ನು ಕೇಳುವುದಕ್ಕೂ ಹಿಂದಿರುಗಿಸುವುದಕ್ಕೂ ಊರಿನವರೆಲ್ಲರಿಗೆ ಗೊತ್ತಿದ್ದ ಒಂದು ರೂಢಿಯಿತ್ತು. ನಾನಾ ಜಿಲ್ಲೆಗಳಿಂದ ಬಂದು ನೆಲೆಸಿದವರ ಬಡಾವಣೆಯಲ್ಲಿ ವಾದ್ಯಗಳು ಮನೆಮನೆಯ ಸ್ವತ್ತು. ಒಂದು ಮನೆಯಲ್ಲಿ ವೀಣೆ, ಇನ್ನೊಂದರಲ್ಲಿ ಕೀಬೋರ್ಡು, ಮತ್ತೊಂದರಲ್ಲಿ ಮೈಕು ಮತ್ತು ಧ್ವನಿವರ್ಧಕ. ದಶಲಕ್ಷಣ ಪರ್ವದ ಭಜನೆಗೋ ಮಕ್ಕಳ ಶಾಲೆಯ ವಾರ್ಷಿಕೋತ್ಸವಕ್ಕೋ ವಾದ್ಯ ಬೇಕಾದಾಗ ನೆರೆಯವರನ್ನೇ ಕೇಳಬೇಕು. ರೂಢಿ ಹಿಂದೆ ಉಳಿಯಿತು, ಕೇಳುವ ಅಗತ್ಯ ಮಾತ್ರ ನಮ್ಮೊಡನೆ ಬಂದಿತು. ಆದ್ದರಿಂದ ನಮ್ಮ ಹಿರಿಯರು ಇಂಥ ವಿಷಯವನ್ನು ಹೇಗೆ ವಿಚಾರಿಸಿದ್ದರೆಂಬುದನ್ನು ಇತಿಹಾಸದ ನೆರವಿನಿಂದ ನೋಡುವುದು ಉಚಿತವಾಗಿದೆ.

ದಾನವೂ ಯಾಚಿತವೂ

ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ವಸ್ತುವನ್ನು ಎರವಲು ಕೊಡುವುದನ್ನು ನಾವು ಸಾಮಾನ್ಯವಾಗಿ ದಾನದ ಒಂದು ಕಿರಿಯ ರೂಪವೆಂದು ಭಾವಿಸುತ್ತೇವೆ. ಆದುದರಿಂದಲೇ ಕೊಡಲೊಪ್ಪದವನು ಜಿಪುಣನೆನಿಸುತ್ತಾನೆ. ದಾನ ಮತ್ತು ಎರವಲುಗಳು ಸ್ವಭಾವದಲ್ಲಿಯೇ ಭಿನ್ನವಾದವು.

ದಾನಕ್ಕೆ ಕನ್ನಡ ನಾಡಿನ ಅತ್ಯುನ್ನತ ನಿದರ್ಶನ ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಆಕೆ ಹಂಚಿದಳು. ೯೯೩ರಲ್ಲಿ ರನ್ನನು ರಚಿಸಿದ ಅಜಿತಪುರಾಣಕ್ಕೂ ಆಕೆಯೇ ಆಶ್ರಯದಾತೆ. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿಯ ೧೦೦೭ರ ಶಾಸನ ಇಂದಿಗೂ ಉಳಿದಿದೆ. ಆಕೆಯ ಶಾಸ್ತ್ರದಾನವನ್ನು ಕೊಂಡಾಡುವಾಗ ನಾವು ಒಂದು ಅಂಶವನ್ನು ಗಮನಿಸುವುದಿಲ್ಲ. ತನ್ನಲ್ಲಿದ್ದ ಒಂದು ಪ್ರತಿಯನ್ನು ಮನೆಯಿಂದ ಮನೆಗೆ ಎರವಲಾಗಿ ಕಳುಹಿಸಿದ್ದರೂ ಶಾಂತಿಪುರಾಣವನ್ನು ಕೆಲವರು ಓದುತ್ತಿದ್ದರು. ಆಕೆ ಆ ಮಾರ್ಗವನ್ನು ಹಿಡಿಯದೆ ಪ್ರತಿಗಳನ್ನೇ ಹೆಚ್ಚಿಸಿದಳು. ಪಡೆದವನು ಹಿಂದಿರುಗಿಸಬೇಕಾಗಿಲ್ಲ, ಕೊಟ್ಟವಳು ಕಾಯಬೇಕಾಗಿಲ್ಲ. ದಾನವು ಕೈಬಿಟ್ಟ ಕ್ಷಣದಲ್ಲಿಯೇ ಪೂರ್ಣವಾಗುತ್ತದೆ. ಎರವಲಾದರೋ ಕೈಬಿಟ್ಟ ಕ್ಷಣದಲ್ಲಿ ಆರಂಭವಾಗುತ್ತದೆ. ಅದು ಮುಗಿಯುವುದು ವಸ್ತು ಹಿಂದಕ್ಕೆ ಬಂದಾಗ. ಅಲ್ಲಿಯವರೆಗೆ ಇಬ್ಬರೂ ಒಂದು ವ್ರತದಲ್ಲಿ ಬದ್ಧರು.

ಈ ಎರಡನೆಯ ಬಗೆಗೆ ನಮ್ಮ ನಾಡಿನ ನ್ಯಾಯಗ್ರಂಥವೊಂದು ಪ್ರತ್ಯೇಕವಾದ ಹೆಸರನ್ನೇ ಬಳಸಿದೆ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಬ್ರಿಟಿಷ್ ಆಡಳಿತದ ನ್ಯಾಯಾಲಯಗಳೂ ದಾಯಭಾಗದ ವಿಷಯದಲ್ಲಿ ಪ್ರಮಾಣವೆಂದು ಒಪ್ಪಿದ ಈ ಗ್ರಂಥ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಸಂಬಂಧಿಸಿದ್ದೆಂಬುದು ಕನ್ನಡಿಗರ ಹೆಮ್ಮೆ. ನಂಬಿಕೆಯಿಂದ ಇನ್ನೊಬ್ಬರ ಕೈಗೆ ಹೋದ ವಸ್ತುಗಳನ್ನು ವರ್ಗೀಕರಿಸುತ್ತ ವಿಜ್ಞಾನೇಶ್ವರನು ‘ಯಾಚಿತ’ವೆಂಬುದನ್ನು ವಿವರಿಸುತ್ತಾನೆ: ವಿವಾಹಾದಿ ಉತ್ಸವಗಳಿಗಾಗಿ ಬೇಡಿ ತಂದ ವಸ್ತ್ರ, ಅಲಂಕಾರ ಮುಂತಾದವು. ಒಂಬೈನೂರು ವರ್ಷಗಳ ಹಿಂದೆಯೂ ಮದುವೆಮನೆಯವರು ನೆರೆಯವರ ಬಾಗಿಲಿಗೆ ಹೋಗಿ ಒಡವೆ ವಸ್ತ್ರಗಳನ್ನು ಬೇಡುತ್ತಿದ್ದರು. ಅವು ಸರಿಯಾಗಿ ಮರಳದೆ ವ್ಯಾಜ್ಯಗಳೂ ಆಗುತ್ತಿದ್ದವು. ಇಲ್ಲದಿದ್ದರೆ ಸ್ಮೃತಿಕಾರರು ಅದಕ್ಕೊಂದು ನಿಯಮವನ್ನು ವಿಧಿಸುತ್ತಿರಲಿಲ್ಲ. ಭಜನೆಗೆಂದು ಬೇಡಿ ತಂದ ಹಾರ್ಮೋನಿಯಂ ಶುದ್ಧ ಯಾಚಿತವೇ.

ಆ ನಿಯಮಗಳ ಸಾರ ಇಷ್ಟು. ನಂಬಿ ಕೊಟ್ಟ ವಸ್ತು ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ನಷ್ಟವಾದರೆ ಇರಿಸಿಕೊಂಡವನ ಮೇಲೆ ಹೊಣೆಯಿಲ್ಲ. ಒಡೆಯನು ಕೇಳಿದ ಮೇಲೂ ಕೊಡದೆ ಇಟ್ಟುಕೊಂಡಾಗ ನಷ್ಟವಾದರೆ ಅದರ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ತನ್ನಿಚ್ಛೆಯಂತೆ ಅದನ್ನು ಲಾಭಕ್ಕೆ ಬಳಸಿದವನು ದಂಡಾರ್ಹನು. ವಸ್ತುವನ್ನು ವೃದ್ಧಿಸಹಿತವಾಗಿ ಕೊಡಬೇಕು. ಒಬ್ಬನ ಕೈಯಲ್ಲಿಟ್ಟುದನ್ನು ಅವನು ಇನ್ನೊಬ್ಬನ ಕೈಯಲ್ಲಿಟ್ಟರೆ ಆ ಎರಡನೆಯವನಿಗೂ ಇದೇ ವಿಧಿ. ಸ್ನೇಹಿತನಿಗೆಂದು ಕೊಟ್ಟ ಗಿಟಾರು ಸ್ನೇಹಿತನ ಸ್ನೇಹಿತನ ಮನೆ ಸೇರುವ ಇಂದಿನ ಪರಿಪಾಠವನ್ನು ಕಂಡೇ ಬರೆದಂತಿದೆ!

ಸತ್ಯವ್ರತದ ಅತಿಚಾರ

ಸ್ಮೃತಿಯು ಹೊಣೆ ಮತ್ತು ದಂಡಗಳನ್ನು ಹೇಳಿತು. ಜೈನಾಚಾರ್ಯರು ಇದೇ ವಿಷಯವನ್ನು ವ್ರತದ ದೃಷ್ಟಿಯಿಂದ ಕಂಡರು. ಅವರು ಅದನ್ನು ಇಟ್ಟ ಸ್ಥಾನವೇ ವಿಚಾರಯೋಗ್ಯವಾಗಿದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಣುವ್ರತಗಳ ಅತಿಚಾರಗಳನ್ನು ಐದೈದಾಗಿ ಎಣಿಸಿದ್ದಾರೆ. ಅವುಗಳಲ್ಲಿ ‘ನ್ಯಾಸಾಪಹಾರ’ ಎಂಬುದೊಂದು. ನ್ಯಾಸವೆಂದರೆ ನಂಬಿ ಇರಿಸಿದ ವಸ್ತು. ಅದರ ಅಪಹಾರ ನ್ಯಾಸಾಪಹಾರ. ಇದು ಅಚೌರ್ಯವ್ರತದ ಅತಿಚಾರವಾಗಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಉಮಾಸ್ವಾಮಿಗಳು ಅದನ್ನು ಸತ್ಯವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಶ್ರವಣಬೆಳಗೊಳದ ಶಾಸನಗಳು ಕೊಂಡಾಡುವ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಇದನ್ನು ಬಿಡಿಸಿ ಹೇಳುತ್ತಾರೆ. ಚಿನ್ನ ಮೊದಲಾದುದನ್ನು ಇರಿಸಿದವನು ಎಷ್ಟು ಇರಿಸಿದ್ದೆನೆಂಬ ಲೆಕ್ಕವನ್ನು ಮರೆತು ಕಡಿಮೆ ಸಂಖ್ಯೆಯನ್ನು ಹೇಳಿ ಕೇಳಿದಾಗ, ‘ಹಾಗೆಯೇ ಆಗಲಿ’ ಎಂದು ಸಮ್ಮತಿಸಿ ಅಷ್ಟನ್ನೇ ಕೊಡುವುದು ನ್ಯಾಸಾಪಹಾರ.

ಇಲ್ಲಿ ಯಾರೂ ಬೀಗ ಮುರಿಯಲಿಲ್ಲ, ಬಾಯಿಬಿಟ್ಟು ಸುಳ್ಳೊಂದನ್ನೂ ಕಟ್ಟಲಿಲ್ಲ. ಇನ್ನೊಬ್ಬನ ಮರವೆಗೆ ‘ಹೌದು’ ಎಂದುದಷ್ಟೇ ದೋಷ. ವಸ್ತುವು ಕೈಬದಲಾಗುವ ವ್ಯವಹಾರದಲ್ಲಿ ಕೆಡುವುದು ಮೊದಲು ಮಾತು, ಅನಂತರ ವಸ್ತು ಎಂಬ ಸೂಕ್ಷ್ಮವನ್ನು ಆಚಾರ್ಯರು ಹಿಡಿದಿದ್ದಾರೆ. ಎರವಲು ತಂದ ಮೃದಂಗದ ಚೀಲ, ಸುತ್ತಿಗೆ, ಶ್ರುತಿ ಮಾಡುವ ಕಲ್ಲು ಇವುಗಳಲ್ಲಿ ಕಲ್ಲೊಂದು ಕಳೆದಿದೆ ಎನ್ನೋಣ. ಒಡೆಯನು ಮರಳಿ ಪಡೆಯುವಾಗ ಎಣಿಸಿ ನೋಡಲಿಲ್ಲ. ತಂದವನು ಸುಮ್ಮನಿದ್ದನು. ಕಲ್ಲಿನ ಬೆಲೆ ಏನೂ ಅಲ್ಲ. ಆ ಮೌನ ಮಾತ್ರ ಪೂಜ್ಯಪಾದರ ಮಾತಿನ ಒಳಗೆ ಬರುತ್ತದೆ.

ಈ ತತ್ತ್ವವನ್ನು ಇನ್ನೊಂದು ದಿಕ್ಕಿಗೂ ವಿಸ್ತರಿಸಬಹುದೆಂದು ನನ್ನ ಅಭಿಪ್ರಾಯ. ವಾದ್ಯ ಕೆಟ್ಟು ಬಂದಾಗ ಒಡೆಯನು ‘ಪರವಾಗಿಲ್ಲ, ಏನೂ ಆಗಿಲ್ಲ’ ಎಂದು ನಕ್ಕು, ಆಮೇಲೆ ತಿಂಗಳುಗಟ್ಟಲೆ ಮನಸ್ಸಿನಲ್ಲಿ ಕುದಿಯುತ್ತಾನೆ. ಮೂರನೆಯವರ ಮುಂದೆ ದೂರುತ್ತಾನೆ. ಅದೂ ಅಸತ್ಯವೇ. ಸೌಜನ್ಯವೆಂಬ ಹೆಸರಿನಲ್ಲಿ ಆಡಿದ ಆ ಮಾತು ತಂದವನಿಗೆ ತನ್ನ ತಪ್ಪನ್ನು ತಿದ್ದಿಕೊಳ್ಳುವ ಅವಕಾಶವನ್ನೇ ಕಸಿದುಕೊಂಡಿತು. ಸ್ನೇಹಗಳು ಮುರಿಯುವುದು ತಂತಿ ಹರಿದುದರಿಂದಲ್ಲ. ಹರಿದ ತಂತಿಯ ವಿಷಯವನ್ನು ಇಬ್ಬರೂ ಆಡದೆ ಉಳಿದುದರಿಂದ.

ಅಚೌರ್ಯವ್ರತಕ್ಕೂ ಇಲ್ಲಿ ಸ್ಥಾನವಿದೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂಬುದು ಆಗಮಸಮ್ಮತ ಲಕ್ಷಣ. ಭಾನುವಾರದ ಕಾರ್ಯಕ್ರಮಕ್ಕೆಂದು ಕೊಟ್ಟ ವಸ್ತು ಭಾನುವಾರಕ್ಕೆ ಮಾತ್ರ ‘ದತ್ತ’. ಬುಧವಾರದ ಹೊತ್ತಿಗೆ, ಒಡೆಯನ ಅನುಮತಿಯಿಲ್ಲದಿದ್ದರೆ, ಅದು ‘ಅದತ್ತ’ವೇ ಆಯಿತಲ್ಲವೆ? ಕೊಟ್ಟವನು ಸಂಕೋಚದಿಂದ ಕೇಳಲಿಲ್ಲವೆಂಬುದು ಅನುಮತಿಯಾಗಲಾರದು.

ವಾದ್ಯದ ವಿಶೇಷ

ಪಾತ್ರೆ, ಜಮಖಾನೆ, ಏಣಿಗಳನ್ನೂ ನೆರೆಯವರು ಕೊಟ್ಟು ತೆಗೆದುಕೊಳ್ಳುತ್ತಾರೆ. ಅವುಗಳಿಗಾಗಿ ಇಷ್ಟು ತಳಮಳ ಉಂಟಾಗುವುದಿಲ್ಲ. ವಾದ್ಯಕ್ಕೆ ಮಾತ್ರ ಏಕೆ? ಇದಕ್ಕೆ ಕಾರಣ ವಾದ್ಯದ ರಚನೆಯಲ್ಲಿಯೇ ಇದೆ: ಅದು ಕೆಟ್ಟುದು ಕಣ್ಣಿಗೆ ಕಾಣುವುದಿಲ್ಲ.

ಸರಸ್ವತೀ ವೀಣೆಯ ೨೪ ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ವೀಣೆಯನ್ನು ಒಂದು ಮಧ್ಯಾಹ್ನ ಬಿಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲುಗಳು ಕೂದಲೆಳೆಯಷ್ಟು ಸರಿಯಬಹುದು. ನೋಡುವವನಿಗೆ ವೀಣೆ ಇದ್ದಂತೆಯೇ ಇದೆ. ನುಡಿಸುವವನಿಗೆ ಸ್ವರಸ್ಥಾನಗಳು ತಪ್ಪಿವೆ. ಮೃದಂಗದ ಎಡಭಾಗಕ್ಕೆ ನುಡಿಸುವ ಮುನ್ನ ಹಚ್ಚುವ ರವೆಯ ಕಣಕವನ್ನು ನುಡಿಸಿದ ಮೇಲೆ ಕೆರೆದು ತೆಗೆಯಬೇಕು; ಬಿಟ್ಟರೆ ಚರ್ಮಕ್ಕೆ ತೇವ ತಗಲಿ ಹುಳು ಹಿಡಿಯುತ್ತದೆ. ಪಿಟೀಲಿನ ಕಮಾನನ್ನು ನುಡಿಸಿದ ಮೇಲೆ ಸಡಿಲಿಸದಿದ್ದರೆ ಕ್ರಮೇಣ ಕೋಲು ಬಾಗುತ್ತದೆ. ಧ್ವನಿವರ್ಧಕವನ್ನು ಅದರ ಶಕ್ತಿ ಮೀರಿ ಕೂಗಿಸಿದರೆ ಒಳಗಿನ ಸುರುಳಿ ಸುಟ್ಟು, ಹೊರಗೆ ಪೆಟ್ಟಿಗೆ ಹೊಸದರಂತೆಯೇ ಹೊಳೆಯುತ್ತಿರುತ್ತದೆ. ಈ ದೋಷಗಳು ಒಡೆಯನಿಗೆ ತಿಳಿಯುವುದು ವಾರಗಳ ಅನಂತರ. ಆಗ ಕಾರಣ ಯಾರೆಂದು ಹೇಳುವವರಾರು? ಪಡೆದವನಿಗೂ ತನ್ನಿಂದಾದ ಹಾನಿಯ ಅರಿವಿರುವುದಿಲ್ಲ. ಕಾಣದ ಹಾನಿಗೆ ಮಾತೊಂದೇ ಸಾಕ್ಷಿ. ಆದುದರಿಂದ ವಾದ್ಯದ ಎರವಲಿನಲ್ಲಿ ಸತ್ಯವ್ರತದ ಭಾರ ಮಿಕ್ಕ ವಸ್ತುಗಳಿಗಿಂತ ಅಧಿಕವಾಗಿದೆ.

ಮುನಿಗಳ ಐದು ಸಮಿತಿಗಳಲ್ಲಿ ಆದಾನ ನಿಕ್ಷೇಪಣ ಸಮಿತಿಯೂ ಒಂದು. ಪಿಂಛಿ, ಕಮಂಡಲು, ಶಾಸ್ತ್ರಗಳನ್ನು ಎತ್ತಿಕೊಳ್ಳುವಾಗಲೂ ಇಡುವಾಗಲೂ ಕಣ್ಣಿಟ್ಟು ನೋಡಿ, ಯಾವ ಜೀವಿಗೂ ನೋವಾಗದಂತೆ ವರ್ತಿಸುವುದು ಅದರ ಸ್ವರೂಪ. ಗೃಹಸ್ಥನಿಗೆ ಅದು ವಿಧಿಯಲ್ಲ. ಆದರೂ ಇನ್ನೊಬ್ಬರ ವಾದ್ಯವನ್ನು ಎತ್ತಿಕೊಳ್ಳುವ ಕೈಗೆ ಆ ಶಿಕ್ಷಣ ಸಲ್ಲತಕ್ಕದ್ದೇ.

ಮೂಡುಬಿದಿರೆಯ ಪಾಠ

‘ಕೊಡುವುದೇ ಇಲ್ಲ’ ಎಂಬ ನಿರ್ಧಾರದ ಗುಣದೋಷಗಳನ್ನು ತಿಳಿಯಲು ವಾದ್ಯವನ್ನು ಬಿಟ್ಟು ಗ್ರಂಥದ ಕಡೆಗೆ ತಿರುಗಬೇಕು. ಅಮೂಲ್ಯವಸ್ತುವನ್ನು ಕೈಬಿಡದೆ ಕಾಪಾಡಿದ ಕಥೆ ಮೂಡುಬಿದಿರೆಯಷ್ಟು ಸ್ಪಷ್ಟವಾಗಿ ಇನ್ನೆಲ್ಲಿಯೂ ಸಿಗಲಾರದು.

ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆ ೮೧೬ರಲ್ಲಿ ಮುಗಿಯಿತು. ಅವರು ಆರಂಭಿಸಿದ ಜಯಧವಲೆಯನ್ನು ಶಿಷ್ಯರಾದ ಜಿನಸೇನರು ೮೩೭ರಲ್ಲಿ ಪೂರ್ಣಗೊಳಿಸಿದರು. ಮಹಾಧವಲವೆಂದು ಪ್ರಸಿದ್ಧವಾದ ಮಹಾಬಂಧವೂ ಸೇರಿ ಈ ಸಿದ್ಧಾಂತಗ್ರಂಥಗಳ ಹಳಗನ್ನಡ ಲಿಪಿಯ ತಾಳೆಯೋಲೆ ಪ್ರತಿಗಳು ಮೂಡುಬಿದಿರೆಯ ಗುರುಬಸದಿಯಲ್ಲಿ ಉಳಿದುಬಂದವು. ಸಿದ್ಧಾಂತ ಬಸದಿಯೆಂಬ ಹೆಸರೂ ಅದಕ್ಕೆ ಈ ಕಾರಣದಿಂದಲೇ ಬಂದಿತು. ಯಾತ್ರಿಕರು ಅವುಗಳ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಹೊರಗೆ ಒಯ್ಯುವುದಂತಿರಲಿ, ಓದಲೂ ಅವಕಾಶವಿರಲಿಲ್ಲ.

ಆ ಕಟ್ಟುನಿಟ್ಟನ್ನು ಹಗುರವಾಗಿ ಹಳಿಯಬಾರದು. ಸುಲಭವಾಗಿ ಕೈಬದಲಾಗಿದ್ದರೆ ಆ ಓಲೆಗಳು ಶತಮಾನಗಳನ್ನು ದಾಟಿ ನಮಗೆ ದೊರೆಯುತ್ತಿದ್ದವೇ ಎಂಬುದು ಸಂದೇಹ. ಆದರೆ ಕಾವಲಿಗೂ ಒಂದು ಬೆಲೆಯಿದೆ. ಮುಟ್ಟದ ಓಲೆಯೂ ಹುಳುವಿಗೆ ಆಹಾರವಾಗುತ್ತದೆ, ಓದದ ಗ್ರಂಥ ಇದ್ದೂ ಇಲ್ಲದಂತೆ. ಈ ಆತಂಕದಿಂದಲೇ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಮುಂಬಯಿ ಸೊಲ್ಲಾಪುರಗಳ ಶ್ರೇಷ್ಠಿಗಳು ಮುಂದೆ ಬಂದು, ಮೂಡುಬಿದಿರೆಯವರ ಮನವೊಲಿಸಿ, ಅಲ್ಲಿಯೇ ಕುಳಿತು ಪ್ರತಿ ಮಾಡುವ ವ್ಯವಸ್ಥೆ ಮಾಡಿದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಶಾಸ್ತ್ರಿಗಳೂ ಆ ಕಾರ್ಯದಲ್ಲಿ ತೊಡಗಿದರು. ಓಲೆಗಳು ಊರು ಬಿಡಲಿಲ್ಲ. ಓದುವವರು ಓಲೆಗಳ ಬಳಿಗೆ ಬಂದರು.

ಇದರಲ್ಲಿ ಒಂದು ನೈತಿಕ ತೊಡಕೂ ಸೇರಿದೆ. ಪ್ರತಿಗಳು ಹೊರಗೆ ಹೋಗಬಾರದೆಂಬುದು ಮೂಡುಬಿದಿರೆಯವರ ಅಪೇಕ್ಷೆಯಾಗಿದ್ದಿತು. ಗಜಪತಿ ಶಾಸ್ತ್ರಿಗಳು ಪತ್ನಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಮಾಡಿಕೊಂಡರು. ಅದು ಉತ್ತರ ಭಾರತದ ಸಹಾರನಪುರವನ್ನು ಸೇರಿತು. ಅಲ್ಲಿಂದ ನಾಗರೀ ಪ್ರತಿಗಳು ಹರಡಿದವು. ಆ ಪರಂಪರೆಯ ಪ್ರತಿಗಳನ್ನು ಆಧರಿಸಿಯೇ ಪ್ರೊ. ಹೀರಾಲಾಲ ಜೈನರು ೧೯೩೯ರಲ್ಲಿ ಧವಲೆಯ ಮೊದಲ ಸಂಪುಟವನ್ನು ಪ್ರಕಟಿಸಿದರು. ಸುಮಾರು ಇಪ್ಪತ್ತು ವರ್ಷಗಳಲ್ಲಿ ೧೬ ಸಂಪುಟಗಳು ಹೊರಬಂದವು. ಮುಂದೆ ಮೂಡುಬಿದಿರೆಯ ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸಿ ನೋಡುವ ಸಹಕಾರವೂ ದೊರೆಯಿತು.

ಫಲವು ಲೋಕೋಪಕಾರಿಯಾಯಿತು ಎಂಬುದರಲ್ಲಿ ಸಂಶಯವಿಲ್ಲ. ಒಪ್ಪಿದ ಮಿತಿಯನ್ನು ಮೀರಿ ನಂಬಿಕೆಯ ವಸ್ತುವನ್ನು ಬಳಸಲಾಯಿತು ಎಂಬುದರಲ್ಲಿಯೂ ಸಂಶಯವಿಲ್ಲ. ಒಂದು ಇನ್ನೊಂದನ್ನು ಅಳಿಸಲಾರದು. ನಮ್ಮ ಪ್ರಶ್ನೆಗೆ ಇದರಿಂದ ಎರಡು ಪಾಠಗಳಿವೆ. ಅತಿಯಾದ ಕಾವಲು ಯೋಗ್ಯರನ್ನೂ ಗುಟ್ಟಿನ ದಾರಿಗೆ ತಳ್ಳುತ್ತದೆ; ಒಡೆಯನು ಅಗತ್ಯ ಮೀರಿ ಬಿಗಿಹಿಡಿದರೆ ಅತಿಚಾರಕ್ಕೆ ತಾನೂ ಒಂದು ನಿಮಿತ್ತವಾಗುತ್ತಾನೆ. ಎರಡನೆಯದು, ಕೊಡುವುದು ಮತ್ತು ನಿರಾಕರಿಸುವುದು ಎಂಬ ಎರಡೇ ದಾರಿಗಳಿಲ್ಲ. ವಸ್ತು ಬೇಕಾದವನನ್ನು ವಸ್ತುವಿನ ಬಳಿಗೆ ಕರೆಯುವುದು ಮೂರನೆಯ ದಾರಿ. ಅಜ್ಜನ ಕಾಲದ ವೀಣೆಯನ್ನು ಹೊರಗೆ ಕಳುಹಿಸಲು ಮನಸ್ಸಿಲ್ಲದಿದ್ದರೆ, ‘ಸಂಜೆ ನಮ್ಮಲ್ಲಿಗೇ ಬಂದು ಅಭ್ಯಾಸ ಮಾಡಿ’ ಎನ್ನಬಹುದು.

ನಾಗರಬಾವಿಯ ನ್ಯಾಯಶಾಲೆ

೧೯೮೮ರಲ್ಲಿ ಮೊದಲ ತಂಡದ ವಿದ್ಯಾರ್ಥಿಗಳಿಗೆ ಪಾಠ ಆರಂಭಿಸಿದ ಭಾರತೀಯ ರಾಷ್ಟ್ರೀಯ ಕಾನೂನು ಶಾಲೆ ಇಂದು ನಾಗರಬಾವಿಯಲ್ಲಿದೆ. ಕಾನೂನಿನ ವಿದ್ಯಾರ್ಥಿಗಳು ತಪ್ಪದೆ ಓದಬೇಕಾದ ೧೮೭೨ರ ಭಾರತೀಯ ಕರಾರು ಕಾಯಿದೆಯಲ್ಲಿ ನಿಕ್ಷೇಪವನ್ನು ಕುರಿತ ಒಂದು ಅಧ್ಯಾಯವಿದೆ; ೧೪೮ನೆಯ ಕಲಮಿನಿಂದ ಅದು ಮೊದಲಾಗುತ್ತದೆ. ಅದೇ ಬಡಾವಣೆಯ ಮನೆಗಳಲ್ಲಿ ಎದುರಾಗುವ ನಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರಗಳಿರುವುದನ್ನು ನೆರೆಯವರಾದ ನಾವು ಗಮನಿಸುವುದು ಕಡಿಮೆ.

ಕೊಡುವವನು ತನಗೆ ಗೊತ್ತಿರುವ ದೋಷವನ್ನು ಮುಂಚೆಯೇ ತಿಳಿಸಬೇಕೆನ್ನುತ್ತದೆ ೧೫೦ನೆಯ ಕಲಮು. ತುಂಟ ಕುದುರೆಯೆಂದು ತಿಳಿದಿದ್ದೂ ಹೇಳದೆ ಕೊಟ್ಟರೆ, ಬಿದ್ದವನ ಗಾಯಕ್ಕೆ ಕೊಟ್ಟವನೇ ಹೊಣೆ ಎಂಬ ದೃಷ್ಟಾಂತ ಅಲ್ಲಿದೆ. ವಿದ್ಯುತ್ ಆಘಾತ ಕೊಡುವ ಹಳೆಯ ಆಂಪ್ಲಿಫಯರನ್ನು ಹೇಳದೆ ಕೊಡುವವರು ಇದನ್ನು ನೆನೆಯಬೇಕು. ತನ್ನ ಸ್ವಂತ ವಸ್ತುವಿನ ವಿಷಯದಲ್ಲಿ ಸಾಮಾನ್ಯ ವಿವೇಕಿಯು ವಹಿಸುವಷ್ಟು ಎಚ್ಚರವನ್ನು ಪಡೆದವನು ವಹಿಸಬೇಕೆಂಬುದು ೧೫೧ನೆಯದು. ಒಪ್ಪಿದ ಉದ್ದೇಶ ಮೀರಿ ಬಳಸಿದರೆ ಆಗ ಉಂಟಾದ ಹಾನಿಗೆ ಪಡೆದವನು ಹೊಣೆ ಎಂಬುದು ೧೫೪ನೆಯದು. ತನ್ನ ಸವಾರಿಗೆಂದು ತಂದ ಕುದುರೆಯನ್ನು ಮನೆಯ ಇನ್ನೊಬ್ಬನಿಗೆ ಏರಲು ಕೊಟ್ಟರೆ, ಅವನು ಎಚ್ಚರದಿಂದಲೇ ನಡೆಸಿದರೂ, ಕುದುರೆಗಾದ ಪೆಟ್ಟಿಗೆ ತಂದವನೇ ಉತ್ತರವಾದಿ. ಇದನ್ನು ಪಿಟೀಲಿಗೆ ಅನ್ವಯಿಸಿಕೊಳ್ಳುವುದು ಕಷ್ಟವಲ್ಲ.

ಎಲ್ಲಕ್ಕಿಂತ ಗಮನಾರ್ಹವಾದುದು ೧೬೦ನೆಯ ಕಲಮು. ಅವಧಿ ಮುಗಿದೊಡನೆ, ಅಥವಾ ಉದ್ದೇಶ ನೆರವೇರಿದೊಡನೆ, ಒಡೆಯನು ಕೇಳದೆಯೇ ವಸ್ತುವನ್ನು ಮರಳಿಸಬೇಕು. ಹಾಗೆ ಮರಳಿಸದಿದ್ದರೆ ಅಂದಿನಿಂದಾಚೆಗೆ ಆಗುವ ನಷ್ಟಕ್ಕೆ ಪಡೆದವನು ಹೊಣೆಗಾರನೆಂದು ೧೬೧ನೆಯದು ಹೇಳುತ್ತದೆ. ಸ್ಮೃತಿಯಲ್ಲಿ ಹೊಣೆಯು ಒಡೆಯನು ಕೇಳಿದ ಮೇಲೆ ಗಟ್ಟಿಯಾಗುತ್ತಿತ್ತು. ಕಾಯಿದೆಯಲ್ಲಿ ಕೇಳುವ ಅಗತ್ಯವೇ ಇಲ್ಲ. ‘ಅವರು ಕೇಳಲಿಲ್ಲ, ಆದ್ದರಿಂದ ನಾನು ಕೊಡಲಿಲ್ಲ’ ಎಂಬ ಸಮಾಧಾನವು ಕಾನೂನಿಗೂ ಸಲ್ಲದು, ಅಚೌರ್ಯವ್ರತಕ್ಕೂ ಸಲ್ಲದು. ಬಾಡಿಗೆಯಿಲ್ಲದೆ ಬಳಕೆಗೆ ಕೊಟ್ಟ ವಸ್ತುವನ್ನು ಅವಧಿಗೆ ಮುನ್ನವೂ ಹಿಂದಕ್ಕೆ ಕೇಳುವ ಹಕ್ಕು ಒಡೆಯನಿಗಿದೆಯೆಂದು ೧೫೯ನೆಯ ಕಲಮು ವಿಧಿಸಿದೆ. ಆದರೆ ಅವಧಿಯನ್ನು ನಂಬಿ ಪಡೆದವನು ಏರ್ಪಾಡು ಮಾಡಿಕೊಂಡಿದ್ದು, ಮಧ್ಯದಲ್ಲಿ ಕಿತ್ತುಕೊಂಡುದರಿಂದ ಅವನಿಗೆ ಪಡೆದ ಪ್ರಯೋಜನಕ್ಕಿಂತ ಹೆಚ್ಚಿನ ನಷ್ಟವಾದರೆ, ಆ ಹೆಚ್ಚಿನ ಅಂಶವನ್ನು ಒಡೆಯನು ತುಂಬಿಕೊಡಬೇಕು. ಕಾರ್ಯಕ್ರಮದ ಹಿಂದಿನ ದಿನ ವಾದ್ಯವನ್ನು ಹಿಂದಕ್ಕೆ ಕೇಳುವವನೂ ನ್ಯಾಯದ ಹೊರಗಿಲ್ಲ.

ಸ್ನೇಹಿತರ ನಡುವೆ ಕಾಯಿದೆಯನ್ನು ತರಬೇಕೆಂದು ಇಲ್ಲಿನ ಆಶಯವಲ್ಲ. ಕಲ್ಯಾಣದ ಪಂಡಿತನೂ ಬ್ರಿಟಿಷರ ಕಾಲದ ಶಾಸನಕರ್ತರೂ ಪರಸ್ಪರರನ್ನು ನೋಡದೆಯೇ ಒಂದೇ ತೆರನಾದ ನಿಯಮಗಳಿಗೆ ಬಂದರೆಂದರೆ, ಆ ನಿಯಮಗಳಿಗೆ ಮನುಷ್ಯಸ್ವಭಾವದಲ್ಲಿಯೇ ಬೇರು ಇರಬೇಕು.

ಯಾವುದಕ್ಕೆ ಕೊಡುತ್ತಿದ್ದೇವೆ?

ಶ್ರಾವಕನು ವಿಚಾರಿಸಬೇಕಾದ ಇನ್ನೊಂದು ಅಂಶವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಹೇಳುವಾಗ ‘ಹಿಂಸಾದಾನ’ವನ್ನು ಎಣಿಸಿದ್ದಾರೆ. ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಸರಪಳಿ ಮೊದಲಾದ ಹಿಂಸೆಯ ಸಾಧನಗಳನ್ನು ಇನ್ನೊಬ್ಬರಿಗೆ ಕೊಡುವುದು ಅದರ ಅರ್ಥ. ಕೈಬಿಟ್ಟ ವಸ್ತುವಿನಿಂದ ಇನ್ನೊಬ್ಬನು ಮಾಡುವ ಕಾರ್ಯದಲ್ಲಿ ಕೊಟ್ಟವನಿಗೂ ಪಾಲಿದೆ ಎಂಬ ವಿಚಾರ ಇದರ ಹಿಂದಿದೆ. ಹಾರ್ಮೋನಿಯಂ ಆಯುಧವಲ್ಲ. ಆದರೆ ಭಾರಿ ಧ್ವನಿವರ್ಧಕಗಳ ವಿಷಯದಲ್ಲಿ ಹಾಗೆ ಖಚಿತವಾಗಿ ಹೇಳಲಾಗದು. ಮನೆಗಳು ಗೋಡೆಗೆ ಗೋಡೆ ತಾಗಿ ನಿಂತ ಬಡಾವಣೆಯಲ್ಲಿ ಮಧ್ಯರಾತ್ರಿಯವರೆಗೆ ಅದು ಮೊರೆದರೆ, ರೋಗಿಗಳೂ ಶಿಶುಗಳೂ ಪರೀಕ್ಷೆಗೆ ಓದುವ ಮಕ್ಕಳೂ ಪಡುವ ಬಾಧೆ ಹಿಂಸೆಯೇ. ೨೦೦೦ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ಬಯಲಿನಲ್ಲಿ ಧ್ವನಿವರ್ಧಕದ ಬಳಕೆಯನ್ನು ಸಾಮಾನ್ಯವಾಗಿ ನಿಷೇಧಿಸಿವೆ. ಯಾವ ಸಮಾರಂಭಕ್ಕೆ, ಎಷ್ಟು ಹೊತ್ತಿನವರೆಗೆ ಎಂದು ಕೇಳುವುದು ಅನುಮಾನದ ಲಕ್ಷಣವೆಂದು ಯಾರೂ ತಿಳಿಯಬೇಕಾಗಿಲ್ಲ. ಅದು ಕೊಡುವವನ ಕರ್ತವ್ಯ.

ಅಪರಿಗ್ರಹದ ಮಾತು

‘ಅಪರಿಗ್ರಹವನ್ನು ಬೋಧಿಸುವ ಧರ್ಮದವರು ಒಂದು ವಾದ್ಯಕ್ಕಾಗಿ ಹೀಗೆ ಲೆಕ್ಕ ಹಾಕುವುದೇ?’ ಎಂಬ ಆಕ್ಷೇಪ ಬರಬಹುದು. ಇದು ಉಪೇಕ್ಷಿಸತಕ್ಕ ಆಕ್ಷೇಪವಲ್ಲ. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ‘ಮೂರ್ಛೆ’ ಎಂಬ ಒಂದು ಪದದಿಂದ ಲಕ್ಷಿಸಿದೆ. ವಸ್ತು ಇರುವುದೇ ಪರಿಗ್ರಹವೆಂದು ಹೇಳದೆ, ವಸ್ತುವಿನಲ್ಲಿ ಮೈಮರೆಯುವ ಮಮತ್ವವನ್ನು ಅದು ಎತ್ತಿ ಹೇಳಿತು. ದಿನವೂ ನುಡಿಸಿ ಒರೆಸಿಡುವ ತಂಬೂರಿಯ ಬಗೆಗಿನ ಎಚ್ಚರಿಕೆಯನ್ನು ಮೂರ್ಛೆ ಎನ್ನಲಾಗದು. ವಿದ್ಯೆಯ ಉಪಕರಣವನ್ನು ಕಾಪಾಡುವುದು ವಿದ್ಯಾವಿನಯದ ಭಾಗ. ಹತ್ತು ವರ್ಷಗಳಿಂದ ಯಾರೂ ಮುಟ್ಟದೆ ಕಪಾಟಿನ ಮೇಲೆ ಧೂಳು ಹಿಡಿದಿರುವ ಹಾರ್ಮೋನಿಯಮ್ಮನ್ನು, ಕಲಿಯಲು ಹಂಬಲಿಸುವ ಹುಡುಗಿಯೊಬ್ಬಳು ಕೇಳಿದಾಗ, ‘ಅದು ನಮ್ಮದು’ ಎಂಬ ಒಂದೇ ಕಾರಣಕ್ಕೆ ನಿರಾಕರಿಸಿದರೆ ಅದು ಮೂರ್ಛೆ. ಅಂಥ ವಾದ್ಯವನ್ನು ಎರವಲು ಕೊಡುವ ಬದಲು ದಾನವಾಗಿಯೇ ಕೊಡುವುದು ಲೇಸು. ಅತ್ತಿಮಬ್ಬೆಯ ದಾರಿ ಅದು.

ಆ ದಾರಿ ನಮ್ಮ ಕಾಲದಲ್ಲಿ ಇನ್ನೊಂದು ರೀತಿಯಲ್ಲಿಯೂ ತೆರೆದುಕೊಂಡಿದೆ. ಹಿಂದೆ ಶ್ರುತಿಗೆ ತಂಬೂರಿ ಬೇಕೇ ಬೇಕು. ಅದಿಲ್ಲದವರು ಕೇಳಿ ತರಬೇಕಾಗಿತ್ತು. ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರು ೧೯೭೦ರ ದಶಕದ ಕೊನೆಗೆ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದ ಮೇಲೆ ಶ್ರುತಿ ಪೆಟ್ಟಿಗೆ ಮನೆಮನೆಗೆ ಬಂದಿತು. ಈಗ ಅದು ಕೈಯ ಮೊಬೈಲಿನಲ್ಲಿಯೂ ಮೊಳಗುತ್ತದೆ. ಪ್ರತಿ ಮಾಡಿ ಹಂಚಬಹುದಾದುದನ್ನು ಪ್ರತಿ ಮಾಡಿ ಹಂಚಿದರೆ ಬೇಡುವ ಸಂಕೋಚವೂ ಕೊಡುವ ಸಂಕಟವೂ ತಾವಾಗಿಯೇ ಕಡಿಮೆಯಾಗುತ್ತವೆ. ಪ್ರತಿ ಮಾಡಲಾಗದ ವಾದ್ಯ, ಒಂದು ಕೈಗೆ ಒಗ್ಗಿದ ವೀಣೆ, ಒಂದು ತುಟಿಗೆ ಒಗ್ಗಿದ ಕೊಳಲು, ಇವು ಮಾತ್ರ ನಮ್ಮ ಪ್ರಶ್ನೆಯೊಳಗೆ ಉಳಿಯುತ್ತವೆ.

ಹಾಗಾದರೆ ಕೊಡಬೇಕೆ, ಕೊಡಬಾರದೆ? ನನಗೆ ತೋರುವ ಉತ್ತರ ಇದು. ಈ ವಾದ್ಯವನ್ನು ಹಿಂದಕ್ಕೆ ಕೇಳಲು, ಅದರ ದೋಷವನ್ನು ಎದುರಿಗೇ ಹೇಳಲು ನನಗೆ ನಾಲಿಗೆ ಬರುತ್ತದೆಯೇ ಎಂದು ಕೊಡುವವನು ತನ್ನನ್ನು ತಾನು ಕೇಳಿಕೊಳ್ಳಲಿ. ಬರುತ್ತದೆ ಎಂದಾದರೆ ಸಂತೋಷದಿಂದ ಕೊಡಲಿ. ಏನೇನು ಕೊಟ್ಟೆ, ಯಾವ ಸ್ಥಿತಿಯಲ್ಲಿದೆ, ಹೇಗೆ ನೋಡಿಕೊಳ್ಳಬೇಕು, ಎಂದು ಮರಳಬೇಕು ಎಂಬ ನಾಲ್ಕು ಮಾತುಗಳನ್ನು ಕೊಡುವಾಗಲೇ ಆಡಲಿ. ನಾಲಿಗೆ ಬಾರದೆಂದಾದರೆ ಕೊಡದಿರಲಿ. ಆಗಲೂ ಇಲ್ಲದ ನೆಪ ಹೇಳದೆ, ‘ಇದನ್ನು ಹೊರಗೆ ಕೊಡುವುದಿಲ್ಲ, ಇಲ್ಲಿಗೇ ಬನ್ನಿ’ ಎಂದು ನಿಜವನ್ನೇ ಹೇಳಲಿ. ವಾದ್ಯ ಕೆಟ್ಟಿದೆಯೆಂದು ಸುಳ್ಳು ಹೇಳಿ ಉಳಿಸಿಕೊಂಡ ವಾದ್ಯಕ್ಕಿಂತ ನಿಜ ಹೇಳಿ ನಿರಾಕರಿಸಿದ ವಾದ್ಯ ಸ್ನೇಹವನ್ನು ಹೆಚ್ಚು ಕಾಲ ಕಾಪಾಡುತ್ತದೆ. ಪಡೆಯುವವನಾದರೋ ಕೇಳಿಸಿಕೊಳ್ಳದೆ ಮರಳಿಸಲಿ, ಆದುದನ್ನು ಆದಂತೆ ಹೇಳಲಿ.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯಂದು ನಾವು ಪರಸ್ಪರರಲ್ಲಿ ಕ್ಷಮೆ ಕೋರುತ್ತೇವೆ. ಅದರ ಹಿಂದಿನ ದಿನ ಪ್ರತಿಯೊಂದು ಮನೆಯವರೂ ತಮ್ಮ ಕಪಾಟು ಅಟ್ಟಗಳನ್ನು ಒಮ್ಮೆ ನೋಡಿ, ಇತರರ ಮನೆಯಿಂದ ಬಂದು ಉಳಿದಿರುವ ತಾಳ, ತಂತಿ, ಮೈಕು, ಪುಸ್ತಕಗಳನ್ನು ಹುಡುಕಿ ತೆಗೆಯುವ ಒಂದು ರೂಢಿಯನ್ನು ನಮ್ಮ ಬಡಾವಣೆಗಳಲ್ಲಿ ಆರಂಭಿಸಬಹುದು. ಕ್ಷಮೆ ಬೇಡಲು ಹೋಗುವ ಕೈಯಲ್ಲಿ ಮರಳಿಸಬೇಕಾದ ವಸ್ತುವೂ ಇದ್ದರೆ ಆ ಮಾತಿಗೆ ತೂಕ ಬರುತ್ತದೆ.